ಮಾಚಿಪತ್ರೆಯ ಕಾವು ಸೋರಿಯಾಸಿಸ್‌ಗೆ ಆಗಿಬರುತ್ತದೆಯೇ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಒಂಬತ್ತು ವರ್ಷಗಳಿಂದ ಸೋರಿಯಾಸಿಸ್ ಇದೆ. ಎರಡು ವರ್ಷಗಳಿಂದ ಚೀನಾದ ಗುವಾಂಗ್‌ಝೌನಲ್ಲಿ ಕೆಲಸದಲ್ಲಿದ್ದಾನೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಾನೆ, ಮುಲಾಮು ಹಚ್ಚುತ್ತಾನೆ. ಅಲ್ಲಿನ ಆಸ್ಪತ್ರೆಯೊಂದರ ಚೀನೀ ವೈದ್ಯ ವಿಭಾಗದವರು ಒಣಸೊಪ್ಪಿನ ಬತ್ತಿಗೆ ಬೆಂಕಿ ಹಚ್ಚಿ ಕಲೆಗಳ ಮೇಲೆ ಕಾವು ಕೊಡುವ ಚಿಕಿತ್ಸೆ ಮಾಡಿಸಿಕೊಳ್ಳಲು ಹೇಳಿದ್ದಾರಂತೆ. ಚರ್ಮವೇ ಕೆಂಪಾಗಿ ಉರಿಯುವ ಕಾಯಿಲೆಗೆ ಬೆಂಕಿಯ ಕಾವು ಕೊಟ್ಟರೆ ಹೆಚ್ಚಾಗುವುದಿಲ್ಲವೇ? ಇದನ್ನು ನಂಬಿ ಮಾತ್ರೆ ಬಿಡಬಹುದೇ? ನಮ್ಮ ಅವ್ವನಿಗೆ ಕಾಲಿನ ಮೇಲೆ ಇಸುಬು ಇದೆ, ಅದಕ್ಕೂ ಇದು ಆದೀತೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಉರಿಯುವುದಕ್ಕೆ ಉರಿಯನ್ನೇ ಕೊಡುವುದೇ ಎಂಬ ನಿಮ್ಮ ಅನುಮಾನ ಚೀನಾದ ವೈದ್ಯರನ್ನೇ ಸುಮಾರು ಸಾವಿರದ ಎಂಟುನೂರು ವರ್ಷಗಳಿಂದ ಕಾಡಿದೆ. ಹಾಗಾಗಿ ಉತ್ತರ ಒಂದೆರಡು ಸಾಲಿನಲ್ಲಿ ಮುಗಿಯುವುದಿಲ್ಲ. ನಿಮಗೆ ಅವಸರವಿದ್ದರೆ ಎರಡು ಮಾತನ್ನು ಈಗಲೇ ಫೋನ್ ಮಾಡಿ ತಮ್ಮನಿಗೆ ಹೇಳಿಬಿಡಿ. ಮಾತ್ರೆ ಬಿಡಬಾರದು. ಮೈಮೇಲೆ ಹೊಸ ಕಲೆಗಳು ಏಳುತ್ತಿರುವ ದಿನಗಳಲ್ಲಿ ಕಾವು ಬೇಡ. ಉಳಿದದ್ದನ್ನು ನಿಧಾನವಾಗಿ ಓದಿ.

ಅವನಿಗೆ ಹೇಳಿರುವುದು ಮಾಕ್ಸಿಬಷನ್ ಎಂಬ ಚಿಕಿತ್ಸೆ. ಚೀನೀ ಭಾಷೆಯಲ್ಲಿ ಜಿಯೂ. ನಾವು ಅಕ್ಯುಪಂಕ್ಚರ್ ಎಂದು ಕರೆಯುವುದಕ್ಕೆ ಅವರ ಹೆಸರು ಝೆನ್‌ಜಿಯೂ, ಅಂದರೆ ಸೂಜಿ ಮತ್ತು ಕಾವು. ಹೊರಗಿನವರಾದ ನಮಗೆ ಸೂಜಿ ಮಾತ್ರ ಕಂಡಿತು, ಕಾವು ಮರೆಯಾಗಿ ಉಳಿಯಿತು. 2010ರಲ್ಲಿ ಯುನೆಸ್ಕೋ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಇವೆರಡನ್ನೂ ಒಟ್ಟಿಗೇ ಸೇರಿಸಿತು. ಪರಂಪರೆಯ ಪಟ್ಟಿಯಲ್ಲಿ ಇರುವುದಕ್ಕೂ ರೋಗ ವಾಸಿಮಾಡುವುದಕ್ಕೂ ಸಂಬಂಧವಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಜಾಹೀರಾತುಗಳು ಈ ಎರಡನ್ನೂ ಬೇಕೆಂದೇ ಬೆರೆಸುತ್ತವೆ.

ಉರಿಸುವ ಸೊಪ್ಪು ನಿಮಗೆ ತೀರಾ ಅಪರಿಚಿತವೇನಲ್ಲ. ಅದು ಆರ್ಟೆಮಿಸಿಯಾ ಕುಲದ್ದು. ಗಣೇಶ ಚೌತಿಯ ಇಪ್ಪತ್ತೊಂದು ಪತ್ರೆಗಳಲ್ಲಿ ಬರುವ ಮಾಚಿಪತ್ರೆ ಅದರ ಹತ್ತಿರದ ಬಂಧು. ಹೂಮಾಲೆಯ ನಡುವೆ ಘಮಘಮಿಸುವ ದವನವೂ ಅದೇ ಕುಲದ್ದು. ಚೀನಾದಲ್ಲಿ ಬಳಸುವ ಜಾತಿಯ ಹೆಸರು ಆರ್ಟೆಮಿಸಿಯಾ ಆರ್ಗೈ, ಮಾತಿನ ಅನುಕೂಲಕ್ಕೆ ಅದರ ಕಾವನ್ನೂ ಮಾಚಿಪತ್ರೆಯ ಕಾವು ಎಂದೇ ಕರೆಯುತ್ತೇನೆ. ಹುಬೇಯ್ ಪ್ರಾಂತ್ಯದ ಚಿಚುನ್ ಎಂಬ ಊರಿನ ಬೆಳೆ ಇದಕ್ಕೆ ಹೆಸರುವಾಸಿ. ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ಕೂಡ ಇದೇ ಕುಲದ ಗಿಡದಿಂದ ಬಂದದ್ದು, ಅದಕ್ಕಾಗಿ ತು ಯೊಯೊ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಅದು ಬೇರೆ ಜಾತಿ, ಆರ್ಟೆಮಿಸಿಯಾ ಆನ್ಯುವಾ. ‘ನೊಬೆಲ್ ಪಡೆದ ಗಿಡದ ಹೊಗೆ’ ಎಂದು ಯಾರಾದರೂ ಮಾರಲು ಬಂದರೆ ನಕ್ಕು ಮುಂದೆ ಹೋಗುವಂತೆ ತಮ್ಮನಿಗೆ ಹೇಳಿ.

ಐದನೆಯ ಚಾಂದ್ರಮಾಸದ ಹಬ್ಬದ ಹೊತ್ತಿಗೆ ಸೊಪ್ಪನ್ನು ಕೊಯ್ದು ಒಣಗಿಸಿ, ವರ್ಷಗಟ್ಟಲೆ ಇಟ್ಟು ಹಳತು ಮಾಡಿ, ಕುಟ್ಟಿ, ಜರಡಿ ಹಿಡಿಯುತ್ತಾರೆ. ಎಲೆಯ ಹಿಂಭಾಗದ ಬಿಳಿ ನವಿರು ಹತ್ತಿಯಂತೆ ಉಳಿಯುತ್ತದೆ. ಅದನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿದರೆ ಚುಟ್ಟದಂಥ ಬತ್ತಿಯಾಗುತ್ತದೆ. ಏಳು ವರ್ಷದ ರೋಗಕ್ಕೆ ಮೂರು ವರ್ಷ ಹಳೆಯ ಸೊಪ್ಪು ಬೇಕು ಎಂಬ ಮಾತು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಮೆನ್ಷಿಯಸ್‌ನಷ್ಟು ಹಿಂದಿನದು. ಹಳೆಯದಾದಷ್ಟೂ ಎಣ್ಣೆಯಂಶ ಆರಿ, ಜ್ವಾಲೆ ಏಳದೆ ಸಮನಾಗಿ ಕೆಂಡವಾಗಿ ಉರಿಯುತ್ತದೆ. ಆ ಕೆಂಡವನ್ನು ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಹಿಡಿದು, ಒಂದು ಜಾಗಕ್ಕೆ ಹತ್ತು ಹದಿನೈದು ನಿಮಿಷ, ಚರ್ಮ ಹದವಾಗಿ ಕೆಂಪಾಗುವವರೆಗೆ ಕಾವು ಕೊಡುತ್ತಾರೆ. ಇದು ಇಂದಿನ ಸೌಮ್ಯ ರೂಪ. ಹಿಂದೆ ಸೊಪ್ಪಿನ ಸಣ್ಣ ಗೋಪುರವನ್ನು ಚರ್ಮದ ಮೇಲೆಯೇ ಇಟ್ಟು ಸುಟ್ಟು, ಬೊಬ್ಬೆ ಎದ್ದು ಕೀವಾಗಿ ಗುರುತು ಉಳಿಯುವ ತನಕ ಬಿಡುತ್ತಿದ್ದರು. ಸೋಂಗ್ ರಾಜವಂಶದ ಕಾಲದ ಚಿತ್ರಕಾರ ಲಿ ಟಾಂಗ್‌ನದು ಎನ್ನಲಾದ ಒಂದು ಚಿತ್ರ ತೈಪೆಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಹಳ್ಳಿಯ ವೈದ್ಯ ಬೆನ್ನಿಗೆ ಕಾವು ಕೊಡುತ್ತಿದ್ದಾನೆ, ರೋಗಿ ಬಾಯಿ ತೆರೆದು ಅರಚುತ್ತಿದ್ದಾನೆ, ಮಿಕ್ಕವರು ಅವನನ್ನು ಅದುಮಿ ಹಿಡಿದಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ ಬರೆ ಹಾಕಿಸಿಕೊಂಡವರನ್ನು ಕಂಡವರಿಗೆ ಆ ಮುಖದ ಪರಿಚಯ ಇದ್ದೇ ಇರುತ್ತದೆ.

ಉರಿಯುವ ರೋಗಕ್ಕೆ ಕಾವು ಕೊಡಬಾರದು ಎಂದು ಮೊದಲು ಗದರಿದವನು ಎರಡನೆಯ ಶತಮಾನದ ಕೊನೆಯಲ್ಲಿದ್ದ ವೈದ್ಯ ಝಾಂಗ್ ಝೋಂಗ್‌ಜಿಂಗ್. ಬೆಂಕಿ ಸಣ್ಣದಾದರೂ ಒಳಗೆ ಹೊಕ್ಕರೆ ಮೂಳೆ ನರಗಳನ್ನು ಬೇಯಿಸುತ್ತದೆ ಎಂಬ ಅರ್ಥದ ಅವನ ಎಚ್ಚರಿಕೆಯನ್ನು ಚೀನೀ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. ಹದಿನಾಲ್ಕನೆಯ ಶತಮಾನದ ಝು ದಾನ್‌ಶಿ ಇದನ್ನು ಒಪ್ಪಲಿಲ್ಲ. ಒಳಗೆ ಸಿಕ್ಕಿಹಾಕಿಕೊಂಡ ಉರಿಗೆ ಹೊರಗಿನ ಉರಿ ದಾರಿ ಬಿಡಿಸಿಕೊಟ್ಟು ಎಳೆದುಕೊಳ್ಳುತ್ತದೆ ಎಂಬುದು ಅವನ ವಾದ. ನಿಮ್ಮ ತಮ್ಮನ ವೈದ್ಯರು ಝು ದಾನ್‌ಶಿಯ ಕಡೆಯವರು, ನೀವು ಝಾಂಗ್ ಝೋಂಗ್‌ಜಿಂಗ್‌ನ ಕಡೆಯವರು. ಸೋರಿಯಾಸಿಸ್‌ನ ಕೆಂಪು ಹಂತವನ್ನು ಚೀನೀ ವೈದ್ಯ ‘ರಕ್ತದ ಉಷ್ಣ’ ಎಂದೇ ಹೆಸರಿಸುವುದರಿಂದ ಈ ಜಗಳ ಇನ್ನಷ್ಟು ತೀಕ್ಷ್ಣವಾಗುತ್ತದೆ. ವಿಚಿತ್ರವೆಂದರೆ, ಪ್ರಯೋಗಾಲಯಗಳಲ್ಲೂ ಈಗ ಹೆಚ್ಚುಕಡಿಮೆ ಇದೇ ಜಗಳ ನಡೆದಿದೆ. ಹೆಸರುಗಳು ಮಾತ್ರ ಬೇರೆ.

ಅದು ಅರ್ಥವಾಗಬೇಕಾದರೆ ಸೋರಿಯಾಸಿಸ್ ಬಗ್ಗೆ ಎರಡು ಮಾತು. ಚರ್ಮದ ತಳದಲ್ಲಿ ಹುಟ್ಟಿದ ಜೀವಕೋಶ ಮೇಲೆ ಬಂದು ಉದುರಲು ಸಾಮಾನ್ಯವಾಗಿ ಒಂದು ತಿಂಗಳ ಆಸುಪಾಸು ಬೇಕು. ಸೋರಿಯಾಸಿಸ್‌ನಲ್ಲಿ ಆ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಹಣ್ಣಾಗದ ಕೋಶಗಳೇ ಒಂದರ ಮೇಲೊಂದು ಕೂತು ಬೆಳ್ಳಿಯಂಥ ಹೊಪ್ಪಳೆಯಾಗುತ್ತವೆ. ಚೀನೀ ಭಾಷೆಯಲ್ಲಿ ರೋಗದ ಹೆಸರೇ ‘ಬೆಳ್ಳಿ ಹೊಪ್ಪಳೆಯ ಬೇನೆ’. ಈ ಅವಸರಕ್ಕೆ ಚಾಟಿ ಬೀಸುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ಚರ್ಮದೊಳಗಿನ ಕೆಲವು ಕಾವಲುಕೋಶಗಳು ಇಂಟರ್‌ಲ್ಯೂಕಿನ್-23 ಎಂಬ ಸಂದೇಶ ಕಳಿಸುತ್ತವೆ, ಅದನ್ನು ಕೇಳಿದ ಟಿ ಕೋಶಗಳು ಇಂಟರ್‌ಲ್ಯೂಕಿನ್-17 ಸುರಿಸುತ್ತವೆ, ಚರ್ಮ ಕೆಂಪಾಗಿ ದಪ್ಪಗಾಗುತ್ತದೆ. ಇದು ಅಂಟುರೋಗವಲ್ಲ, ರಕ್ತ ಕೆಟ್ಟದ್ದರಿಂದ ಬಂದದ್ದೂ ಅಲ್ಲ. ಇಪ್ಪತ್ತೆರಡು ವರ್ಷಗಳ ವೃತ್ತಿಯಲ್ಲಿ ಈ ಎರಡು ವಾಕ್ಯಗಳನ್ನು ಎಷ್ಟು ಸಾವಿರ ಸಲ ಹೇಳಿದ್ದೇನೋ, ಲೆಕ್ಕವಿಲ್ಲ.

ಈಗ ಕಾವಿಗೆ ಬರೋಣ. ಕಾವಿನಿಂದ ಕಲೆ ಇಳಿಯಬಹುದು ಎಂಬುದಕ್ಕೆ ಚೀನಾದ ಹೊರಗೂ ಸಾಕ್ಷಿ ಇದೆ. 1980ರ ಸುಮಾರಿಗೆ ಅಮೆರಿಕದಲ್ಲಿ ಅಲ್ಟ್ರಾಸೌಂಡ್‌ನಿಂದ ಸೋರಿಯಾಸಿಸ್ ಕಲೆಗಳನ್ನು 42ರಿಂದ 45 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಿಸಿಮಾಡಿ ನೋಡಿದರು. ಮರುವರ್ಷ ಜಪಾನಿನ ವೈದ್ಯರು ಚಳಿಗಾಲದಲ್ಲಿ ಅಂಗಿಯೊಳಗೆ ಇಟ್ಟುಕೊಳ್ಳುವ ಬಿಸಿಚೀಲಗಳನ್ನೇ ಕಲೆಗಳ ಮೇಲೆ ಕಟ್ಟಿದರು. ಎರಡೂ ಕಡೆ ಹಲವರಲ್ಲಿ ಕಲೆಗಳು ತೆಳುವಾದವು. ಸೊಪ್ಪಿಲ್ಲ, ಹೊಗೆಯಿಲ್ಲ, ಬರೀ ಬಿಸಿ. ನಾಗಾಲೋಟದಲ್ಲಿ ಹುಟ್ಟುತ್ತಿರುವ ಕೋಶಗಳಿಗೆ ಅಷ್ಟು ಬಿಸಿ ಸಹಿಸುವುದು ಕಷ್ಟ, ಸುತ್ತಲಿನ ಆರೋಗ್ಯವಂತ ಕೋಶಗಳು ಹೇಗೋ ತಡೆದುಕೊಳ್ಳುತ್ತವೆ ಎಂಬುದು ಆಗ ಕೊಟ್ಟ ವಿವರಣೆ. ಹಾಗಾದರೆ ಈ ವಿಧಾನ ಯಾಕೆ ಉಳಿಯಲಿಲ್ಲ? ಮೈತುಂಬ ಹರಡಿದ ಕಲೆಗಳನ್ನು ಒಂದೊಂದಾಗಿ ಬಿಸಿಮಾಡುತ್ತ ಕೂರಲು ಯಾರಿಗೂ ಪುರುಸೊತ್ತಿರಲಿಲ್ಲ. ಮಾಡಿದರೂ ಕಲೆಗಳು ಮರಳುತ್ತಿದ್ದವು. ಅಷ್ಟರಲ್ಲಿ ಬೆಳಕಿನ ಚಿಕಿತ್ಸೆ ಸುಧಾರಿಸಿ, 311 ನ್ಯಾನೊಮೀಟರ್‌ನ ನೇರಳಾತೀತ ದೀಪದಡಿ ನಿಂತರೆ ಇಡೀ ಮೈಗೆ ಒಟ್ಟಿಗೇ ಚಿಕಿತ್ಸೆಯಾಗುವ ಕಾಲ ಬಂತು.

ಇನ್ನೊಂದು ಕಡೆಯ ಸಾಕ್ಷಿ ನರಗಳದು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದೇ ಅತ್ಯಂತ ಸ್ವಾರಸ್ಯದ ಭಾಗ, ಆದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಚರ್ಮದ ನರತುದಿಗಳಲ್ಲಿ ಟಿಆರ್‌ಪಿವಿ-1 ಎಂಬ ಒಂದು ಪುಟ್ಟ ಬಾಗಿಲಿದೆ. ಬಿಸಿ 43 ಡಿಗ್ರಿ ದಾಟಿದರೆ ಅದು ತೆರೆದುಕೊಳ್ಳುತ್ತದೆ, ‘ಸುಡುತ್ತಿದೆ’ ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಮೆಣಸಿನಕಾಯಿಯ ಖಾರವೂ ಅದೇ ಬಾಗಿಲನ್ನು ತಟ್ಟುತ್ತದೆ. ಗುಂಟೂರು ಮೆಣಸಿನಕಾಯಿ ಕಚ್ಚಿದಾಗ ನಾಲಿಗೆ ‘ಸುಟ್ಟಿತು’ ಅನ್ನಿಸುವುದು ಬರೀ ಮಾತಿನ ಅಲಂಕಾರವಲ್ಲ, ನರಕ್ಕೆ ಎರಡೂ ಒಂದೇ. ನಿಮ್ಮ ಕಡೆಯ ಬ್ಯಾಡಗಿ ಅಷ್ಟು ಜೋರಾಗಿ ತಟ್ಟುವುದಿಲ್ಲ, ಬಣ್ಣ ಕೊಟ್ಟು ಸುಮ್ಮನಿರುತ್ತದೆ. ಈ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು.

ಈ ನರಗಳು ಬರೀ ಸುದ್ದಿ ಮುಟ್ಟಿಸುವುದಿಲ್ಲ, ಚರ್ಮದೊಳಕ್ಕೂ ರಾಸಾಯನಿಕಗಳನ್ನು ಚೆಲ್ಲುತ್ತವೆ. 2014ರಲ್ಲಿ ಪ್ರಕಟವಾದ ಒಂದು ಇಲಿ ಪ್ರಯೋಗದಲ್ಲಿ ಈ ನರಗಳನ್ನು ಇಲ್ಲವಾಗಿಸಿದಾಗ, ಚರ್ಮಕ್ಕೆ ಸೋರಿಯಾಸಿಸ್ ಬರಿಸುವ ಮುಲಾಮು ಹಚ್ಚಿದರೂ ಕಾವಲುಕೋಶಗಳು ಇಂಟರ್‌ಲ್ಯೂಕಿನ್-23 ಕಳಿಸಲು ಹಿಂಜರಿದವು, ಉರಿಯೂತ ಇಳಿಯಿತು. ಮನುಷ್ಯರಲ್ಲೂ ಅಪಘಾತದಲ್ಲೋ ಶಸ್ತ್ರಚಿಕಿತ್ಸೆಯಲ್ಲೋ ನರ ಕಡಿದುಹೋದ ಜಾಗದಲ್ಲಿ ಮಾತ್ರ ಸೋರಿಯಾಸಿಸ್ ಕಲೆ ಮಾಯವಾದ ಉದಾಹರಣೆಗಳನ್ನು ವೈದ್ಯರು ಬಹಳ ಹಿಂದಿನಿಂದ ಬರೆದಿಟ್ಟಿದ್ದಾರೆ. 2019ರ ಇನ್ನೊಂದು ಪ್ರಯೋಗದಲ್ಲಿ ಇದೇ ನರಗಳನ್ನು ಬೆಳಕಿನಿಂದ ಕೆಣಕಿದರು. ಗಾಯವಿಲ್ಲ, ರೋಗಾಣುವಿಲ್ಲ, ಬರೀ ನರ ಮಿಡಿದದ್ದಷ್ಟೇ. ಅಷ್ಟಕ್ಕೇ ಆ ಜಾಗದಲ್ಲಿ ಇಂಟರ್‌ಲ್ಯೂಕಿನ್-17ರ ಬಗೆಯ ಉರಿಯೂತ ಎದ್ದಿತು, ಪಕ್ಕದ ಚರ್ಮಕ್ಕೂ ಹರಡಿತು. ಅಂದರೆ 43 ಡಿಗ್ರಿಯ ಬಾಗಿಲನ್ನು ತಟ್ಟುವುದು ಸೋರಿಯಾಸಿಸ್‌ನ ಬೆಂಕಿಗೆ ಗಾಳಿ ಊದುವುದಕ್ಕೆ ಸಮ. ನಿಮ್ಮ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ವಕೀಲರು ಸಿಗಲಾರರು.

ಇಷ್ಟಕ್ಕೇ ಮುಗಿಸಿದರೆ ಅನ್ಯಾಯವಾಗುತ್ತದೆ. ಆ ಬಾಗಿಲಿಗೆ ಇನ್ನೊಂದು ಗುಣವಿದೆ. ಪದೇ ಪದೇ ತಟ್ಟಿದರೆ ಅದು ಬೇಸತ್ತು ಜಡವಾಗುತ್ತದೆ. ಖಾರ ತಿನ್ನುತ್ತಲೇ ಬೆಳೆದವರ ನಾಲಿಗೆ ಇದಕ್ಕೆ ಮನೆಮನೆಯ ಸಾಕ್ಷಿ. ಮೆಣಸಿನಕಾಯಿಯ ಸಾರವಿರುವ ಮುಲಾಮನ್ನು ಸೋರಿಯಾಸಿಸ್ ಕಲೆಗಳಿಗೆ ವಾರಗಟ್ಟಲೆ ಹಚ್ಚಿ ನೋಡಿದ ಪ್ರಯೋಗಗಳು ಹಿಂದೆ ನಡೆದಿವೆ. ಮೊದಲ ದಿನಗಳಲ್ಲಿ ಉರಿ, ಆಮೇಲೆ ತುರಿಕೆಯೂ ಕೆಂಪೂ ಕಡಿಮೆ. ಹದವಾದ ಕಾವನ್ನು ದಿನ ಬಿಟ್ಟು ದಿನ ಕೊಟ್ಟರೂ ನರ ಹೀಗೆಯೇ ತಣ್ಣಗಾಗಬಹುದು ಎಂಬುದು ನನ್ನ ಊಹೆ. ಊಹೆ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಝಾಂಗ್ ಝೋಂಗ್‌ಜಿಂಗ್ ಕಂಡದ್ದು ಬಾಗಿಲ ಮೊದಲ ಬಡಿತವನ್ನು, ಝು ದಾನ್‌ಶಿ ಕಂಡದ್ದು ನೂರನೆಯ ಬಡಿತದ ನಂತರದ ಮೌನವನ್ನು ಎಂದರೆ ಇಬ್ಬರೂ ಸುಳ್ಳಾಗುವುದಿಲ್ಲ.

ಕಾವನ್ನು ಕಲೆಯ ಮೇಲಲ್ಲದೆ ಮೊಣಕಾಲಿನ ಕೆಳಗೋ ಬೆನ್ನಿನ ಮೇಲೋ ಇರುವ, ಸೂಜಿ ಚುಚ್ಚುವ ‘ಬಿಂದು’ಗಳಿಗೆ ಕೊಡುವ ಪದ್ಧತಿಯೂ ಇದೆ. ಇದರ ಬಗ್ಗೆ ನನಗೆ ಮೊದಲು ತಾತ್ಸಾರವಿತ್ತು, ಈಗ ಸ್ವಲ್ಪ ಕಡಿಮೆಯಾಗಿದೆ. ಮೊಣಕಾಲಿನ ಕೆಳಗಿನ ಬಿಂದುವಿಗೆ ಸೂಜಿಯ ಮೂಲಕ ಮೆಲ್ಲನೆಯ ವಿದ್ಯುತ್ ಕೊಟ್ಟರೆ ಮಿದುಳಿನಿಂದ ಒಳಾಂಗಗಳಿಗೆ ಹೋಗುವ ವೇಗಸ್ ನರದ ಮೂಲಕ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಎಚ್ಚೆತ್ತು ಮೈಯ ಉರಿಯೂತ ಇಳಿಯುತ್ತದೆ, ಹೊಟ್ಟೆಯ ಮೇಲೆ ಕೊಟ್ಟರೆ ಆ ದಾರಿ ತೆರೆಯುವುದಿಲ್ಲ ಎಂದು 2021ರಲ್ಲಿ ಸಂಶೋಧಕರ ಗುಂಪೊಂದು ಇಲಿಗಳಲ್ಲಿ ತೋರಿಸಿತು. ಅದೇ ಗುಂಪು 2020ರಲ್ಲಿ ತೋರಿಸಿದ್ದು ಇನ್ನೂ ಮುಖ್ಯ: ಹೊಟ್ಟೆಯ ಬಿಂದುವಿಗೆ ಕೊಟ್ಟ ಜೋರಾದ ವಿದ್ಯುತ್ ಉರಿಯೂತ ಶುರುವಾಗುವ ಮೊದಲಾದರೆ ಇಲಿಯನ್ನು ಕಾಪಾಡಿತು, ಶುರುವಾದ ಮೇಲಾದರೆ ಸ್ಥಿತಿಯನ್ನು ಬಿಗಡಾಯಿಸಿತು. ಇದು ವಿದ್ಯುತ್ತಿನ ಮಾತು, ಕಾವಿನದ್ದಲ್ಲ. ಚರ್ಮದ ಮಾತೂ ಅಲ್ಲ. ಆದರೆ ಎಲ್ಲಿ, ಎಷ್ಟು, ಯಾವಾಗ ಎಂಬ ಮೂರರಲ್ಲಿ ಒಂದು ತಪ್ಪಿದರೂ ಮದ್ದು ತಿರುಗಿಬೀಳುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಹೊಗೆಯಲ್ಲಿರುವ ಕರ್ಪೂರ, ಯೂಕಲಿಪ್ಟಾಲ್ ಮುಂತಾದ ಸುಗಂಧಗಳೂ, ಕೆಂಡದಿಂದ ಹೊಮ್ಮುವ ಅವಕೆಂಪು ಕಿರಣವೂ ಚಿಕಿತ್ಸೆ ಮಾಡುತ್ತವೆ ಎಂಬ ವಾದಗಳಿವೆ. ಬಿಸಿಯೊಂದೇ ಅಷ್ಟು ಕೆಲಸ ಮಾಡಬಲ್ಲದು ಎಂಬುದು ಗೊತ್ತಿರುವಾಗ ಇವುಗಳ ಬೆನ್ನು ಹತ್ತುವ ಅಗತ್ಯ ನನಗೆ ಕಾಣುವುದಿಲ್ಲ.

‘ಇಲಿಗಳಲ್ಲಿ ಸಾಬೀತಾಗಿದೆಯಂತೆ’ ಎಂದು ತಮ್ಮ ಹೇಳಿದರೆ ಒಂದು ವಿಷಯ ತಿಳಿದಿರಲಿ. ಇಲಿಗೆ ಸೋರಿಯಾಸಿಸ್ ಬರುವುದಿಲ್ಲ. ಬೆನ್ನಿನ ಕೂದಲು ಬೋಳಿಸಿ ಇಮಿಕ್ವಿಮೋಡ್ ಎಂಬ ಮುಲಾಮನ್ನು ಐದಾರು ದಿನ ಹಚ್ಚಿದರೆ ಸೋರಿಯಾಸಿಸ್‌ನಂತೆ ಕಾಣುವ ಕೆಂಪು ಹೊಪ್ಪಳೆ ಏಳುತ್ತದೆ. 2009ರಿಂದ ಈ ಮಾದರಿ ಎಲ್ಲೆಡೆ ಬಳಕೆಯಲ್ಲಿದೆ, ಅಗ್ಗ, ಬೇಗ ಫಲ ಕೊಡುತ್ತದೆ. ಮುಲಾಮು ನಿಲ್ಲಿಸಿದರೆ ಚರ್ಮ ತಾನಾಗಿಯೇ ಸರಿಹೋಗುತ್ತದೆ. ಇಂಥ ಇಲಿಗಳಿಗೆ ಮಾಚಿಪತ್ರೆಯ ಕಾವು ಕೊಟ್ಟಾಗ ಚರ್ಮದ ದಪ್ಪವೂ ಇಂಟರ್‌ಲ್ಯೂಕಿನ್ ಪ್ರಮಾಣವೂ ಇಳಿದವು ಎಂದು ಚೀನಾದ ಪ್ರಯೋಗಾಲಯಗಳು ವರದಿ ಮಾಡಿವೆ. ಕುತೂಹಲಕಾರಿ, ಒಪ್ಪುತ್ತೇನೆ. ಆದರೆ ಐದು ದಿನದ ಕೃತಕ ಉರಿಯೂತಕ್ಕೂ ನಿಮ್ಮ ತಮ್ಮನ ಒಂಬತ್ತು ವರ್ಷದ ಕಾಯಿಲೆಗೂ ನಡುವೆ ಇರುವ ದೂರ ಸಣ್ಣದಲ್ಲ.

ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಹೆಚ್ಚಿನವು ಚಿಕ್ಕವು, ಕೆಲವೇ ವಾರಗಳವು. ಹಲವದರಲ್ಲಿ ಕಾವಿನ ಜತೆಗೆ ಮುಲಾಮೋ ಕಷಾಯವೋ ಸೂಜಿಯೋ ಇದ್ದೇ ಇರುತ್ತದೆ, ಗುಣ ಯಾವುದರಿಂದ ಬಂತೆಂದು ಬಿಡಿಸಿ ಹೇಳುವುದು ಕಷ್ಟ. ಇನ್ನೊಂದು ತೊಡಕು ಸುಳ್ಳು ಚಿಕಿತ್ಸೆಯದು. ಮಾತ್ರೆಯಾದರೆ ಸಕ್ಕರೆಯ ಗುಳಿಗೆ ಕೊಟ್ಟು ಹೋಲಿಸಬಹುದು. ಬೆನ್ನ ಮೇಲೆ ಬಿಸಿ ಬಿದ್ದಿದೆಯೋ ಇಲ್ಲವೋ ಎಂಬುದು ರೋಗಿಗೆ ತಿಳಿಯದಂತೆ ಮಾಡುವುದು ಹೇಗೆ? ಸೋರಿಯಾಸಿಸ್ ಬೇರೆ ತಾನಾಗಿ ಏರಿ ಇಳಿಯುವ ಕಾಯಿಲೆ, ಚಳಿಗಾಲದಲ್ಲಿ ಕೆರಳಿ ಬಿಸಿಲುಗಾಲದಲ್ಲಿ ತಣಿಯುವುದು ಸಾಮಾನ್ಯ. ತೀರಾ ಹೆಚ್ಚಾದಾಗಲೇ ಜನ ಹೊಸ ಚಿಕಿತ್ಸೆಗೆ ಹೋಗುವುದು, ಹೋದಮೇಲೆ ಅದು ಇಳಿಯಲೇಬೇಕಲ್ಲ! ಅಳತೆಗೋಲು ಬೇಕೆಂದರೆ ಹೀಗೆ ನೋಡಿ: ಇಂಟರ್‌ಲ್ಯೂಕಿನ್-17 ತಡೆಯುವ ಸೆಕ್ಯುಕಿನುಮಾಬ್ ಚುಚ್ಚುಮದ್ದಿನ 2014ರ ದೊಡ್ಡ ಪ್ರಯೋಗವೊಂದರಲ್ಲಿ, ಪೂರ್ಣ ಪ್ರಮಾಣ ಪಡೆದವರಲ್ಲಿ ಶೇ. 81ಕ್ಕೂ ಹೆಚ್ಚು ಜನರಿಗೆ ಹನ್ನೆರಡು ವಾರಗಳಲ್ಲಿ ಕಾಯಿಲೆಯ ಮುಕ್ಕಾಲು ಪಾಲು ಇಳಿಯಿತು. ಹುಸಿ ಚುಚ್ಚುಮದ್ದು ಪಡೆದವರಲ್ಲಿ ಅಷ್ಟು ಇಳಿದದ್ದು ಶೇ. 4.5 ಜನರಿಗೆ. ಮಾಚಿಪತ್ರೆಯ ಕಾವಿಗೆ ಇಂಥ ಲೆಕ್ಕ ಇನ್ನೂ ಇಲ್ಲ.

ಈಗ ನನಗೆ ನಿಜವಾಗಿ ಚಿಂತೆಯಾಗುವ ವಿಷಯ. 1872ರಲ್ಲಿ ಅಂದಿನ ಜರ್ಮನಿಯ ಬ್ರೆಸ್ಲಾವ್ ನಗರದ ಚರ್ಮವೈದ್ಯ ಹೈನ್‌ರಿಷ್ ಕೋಬ್ನರ್ ಒಬ್ಬ ರೋಗಿಯ ಬಗ್ಗೆ ಹೇಳಿದರು. ಆತನಿಗೆ ಕುದುರೆ ಕಚ್ಚಿದ ಜಾಗದಲ್ಲಿ, ಹಚ್ಚೆ ಹಾಕಿಸಿಕೊಂಡ ಜಾಗದಲ್ಲಿ, ಎಲ್ಲೆಲ್ಲಿ ಚರ್ಮಕ್ಕೆ ಪೆಟ್ಟಾಯಿತೋ ಅಲ್ಲೆಲ್ಲ ಸೋರಿಯಾಸಿಸ್ ಎದ್ದಿತ್ತು. ಇದಕ್ಕೆ ಕೋಬ್ನರ್ ಲಕ್ಷಣ ಎನ್ನುತ್ತಾರೆ. ನಾಲ್ವರಲ್ಲಿ ಒಬ್ಬ ರೋಗಿಗಾದರೂ ಹೀಗಾಗುತ್ತದೆ, ಪೆಟ್ಟಾದ ಹತ್ತಿಪ್ಪತ್ತು ದಿನಗಳ ಮೇಲೆ ಕಾಣಿಸಿಕೊಳ್ಳುತ್ತದೆ. ಸುಟ್ಟಗಾಯ ಪೆಟ್ಟುಗಳಲ್ಲೇ ದೊಡ್ಡದು. ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬಂದಿದ್ದ ಯುವಕನೊಬ್ಬ ಮೊಬೈಲ್‌ನಲ್ಲಿ ವಿಡಿಯೊ ನೋಡಿ, ಮನೆಯಲ್ಲಿದ್ದ ದಪ್ಪ ಊದಿನಕಡ್ಡಿಗಳನ್ನು ಕಟ್ಟಿ ಮುಂಗೈಗೆ ಕಾವು ಕೊಟ್ಟುಕೊಂಡಿದ್ದ. ಮೂರು ಕಡೆ ಬೊಬ್ಬೆ ಎದ್ದಿತು, ಒಣಗಿತು. ಮೂರನೆಯ ವಾರ ಅದೇ ಮೂರು ಕಡೆ ರೂಪಾಯಿ ನಾಣ್ಯದಂಥ ಹೊಸ ಕಲೆಗಳು. ಮೊದಲು ಅವನ ಮುಂಗೈಯಲ್ಲಿ ಕಾಯಿಲೆಯೇ ಇರಲಿಲ್ಲ, ಮೊಣಕೈಯಲ್ಲಷ್ಟೇ ಇತ್ತು. ‘ಬರದಂತೆ ತಡೆಯಲು ಕೊಟ್ಟೆ ಸರ್’ ಎಂದ.

ಬಿಸಿಯ ಲೆಕ್ಕದಲ್ಲಿ ಹದಕ್ಕೂ ಅಪಾಯಕ್ಕೂ ನಡುವಿನ ಓಣಿ ತುಂಬ ಕಿರಿದು. 44 ಡಿಗ್ರಿಯಲ್ಲಿ ಚರ್ಮ ಸುಡಲು ಗಂಟೆಗಳೇ ಬೇಕು, 60 ಡಿಗ್ರಿಯಲ್ಲಿ ಕೆಲವೇ ಸೆಕೆಂಡು ಸಾಕು. ಉರಿಯುವ ಬತ್ತಿಯ ಕೆಂಡ ನೂರಾರು ಡಿಗ್ರಿಯದು. ಅಂದರೆ ಚಿಕಿತ್ಸೆಯೆಲ್ಲ ಹಿಡಿದ ಕೈಯ ಅಂತರದಲ್ಲಿದೆ, ಯಂತ್ರದಲ್ಲಿಲ್ಲ. ಪಳಗಿದ ಕೈಯವರು ಇನ್ನೊಂದು ಕೈಯ ಎರಡು ಬೆರಳನ್ನು ರೋಗಿಯ ಚರ್ಮದ ಮೇಲಿಟ್ಟು ಬಿಸಿ ನೋಡುತ್ತಲೇ ಇರುತ್ತಾರೆ. ನಿಮ್ಮ ತಮ್ಮ ಗಮನಿಸಬೇಕಾದದ್ದು ಗೋಡೆಯ ಪ್ರಮಾಣಪತ್ರಕ್ಕಿಂತ ಆ ಎರಡು ಬೆರಳನ್ನು. ಬತ್ತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೆನ್ನ ಮೇಲೇರಿಸಿ ಬೇರೆ ಕೆಲಸಕ್ಕೆ ಹೋಗುವ ಜಾಗವಾದರೆ ಎದ್ದು ಬರಲಿ.

ಚೀನಾದ ಚರ್ಮವೈದ್ಯರು ಸೋರಿಯಾಸಿಸ್‌ಗೆ ಮೂರು ಹಂತ ಹೇಳುತ್ತಾರೆ: ಏರುವ ಹಂತ, ನಿಂತ ಹಂತ, ಇಳಿಯುವ ಹಂತ. ಇದು ಬಹಳ ಉಪಯುಕ್ತವಾದ ವಿಂಗಡಣೆ. ಕಳೆದ ಮೂರು ನಾಲ್ಕು ವಾರಗಳಲ್ಲಿ ಹೊಸ ಚುಕ್ಕೆಗಳು ಬಂದಿವೆಯೇ, ಹಳೆಯ ಕಲೆಗಳ ಅಂಚು ಕಡುಗೆಂಪಾಗಿ ಹಿಗ್ಗುತ್ತಿದೆಯೇ, ಕೆರೆದ ಗೆರೆಯ ಮೇಲೆ, ಬೆಲ್ಟ್ ಉಜ್ಜುವಲ್ಲಿ ಕಲೆ ಎದ್ದಿದೆಯೇ ಎಂದು ತಮ್ಮನನ್ನು ಕೇಳಿ. ಒಂದಕ್ಕಾದರೂ ಹೌದೆಂದರೆ ಅದು ಏರುವ ಹಂತ, ಕಾವು ಬೇಡವೇ ಬೇಡ. ಗಂಟಲು ನೋವು ಬಂದ ಬೆನ್ನಿಗೆ ಮೈತುಂಬ ಸಣ್ಣ ಹನಿಗಳಂತೆ ಎದ್ದ ಸೋರಿಯಾಸಿಸ್‌ಗೂ, ಕೀವುಗುಳ್ಳೆಯದ್ದಕ್ಕೂ, ಇಡೀ ಮೈ ಕೆಂಪಾದದ್ದಕ್ಕೂ ಇದೇ ಮಾತು. ಕೊನೆಯ ಎರಡು ಬಗೆಗಳು ಆಸ್ಪತ್ರೆಗೆ ದಾಖಲಾಗಬೇಕಾದ ಸ್ಥಿತಿಗಳು. ಹಾಗಲ್ಲದೆ ಮೊಣಕಾಲು, ಮೊಣಕೈ, ಸೊಂಟದ ಮೇಲೆ ತಿಂಗಳುಗಟ್ಟಲೆ ಕದಲದೆ ಕೂತ, ದಪ್ಪನೆಯ, ಬೂದುಬಣ್ಣದ ಹಟಮಾರಿ ಕಲೆಗಳಿದ್ದು, ಮಾತ್ರೆ ಮುಲಾಮು ನಡೆಯುತ್ತಿರುವಾಗಲೇ ಜತೆಗೆ ಕಾವನ್ನೂ ನೋಡುತ್ತೇನೆ ಎಂದರೆ ನಾನು ಅಡ್ಡಿ ಮಾಡುವುದಿಲ್ಲ. ಮೊದಲು ಒಂದೇ ಕಲೆಗೆ ಮಾಡಿಸಿಕೊಳ್ಳಲಿ. ಅದೇ ಅಳತೆಯ ಇನ್ನೊಂದು ಬದಿಯ ಕಲೆಯನ್ನು ಹಾಗೇ ಬಿಡಲಿ. ಒಂದೇ ಬೆಳಕಿನಲ್ಲಿ ವಾರಕ್ಕೊಂದು ಫೋಟೊ ತೆಗೆಯಲಿ. ಆರು ವಾರಗಳ ಮೇಲೆ ಎರಡೂ ಒಂದೇ ರೀತಿ ಇದ್ದರೆ ಹಣ ಉಳಿಸಲಿ. ಮುಖ, ಕಂಕುಳು, ತೊಡೆಸಂದು, ಗುಪ್ತಾಂಗಗಳಿಗೆ ಮಾತ್ರ ಎಂದಿಗೂ ಬೇಡ. ಶುಂಠಿಯ ಬಿಲ್ಲೆ ಇಟ್ಟು ಅದರ ಮೇಲೆ ಸೊಪ್ಪು ಸುಡುವ ವಿಧಾನ ಸರಿಯೇ, ಆದರೆ ಬೆಳ್ಳುಳ್ಳಿ ಬಿಲ್ಲೆಗೆ ಒಪ್ಪಬಾರದು. ಹಸಿ ಬೆಳ್ಳುಳ್ಳಿಯೊಂದೇ ಚರ್ಮವನ್ನು ಸುಡಬಲ್ಲದು.

ಒಪ್ಪುವ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಸಿಗಬೇಕು. ಇದನ್ನು ಚೀನಾದ ವೈದ್ಯರು ಕೇಳಲಾರರು, ನಾನೇ ಕೇಳಬೇಕು. ತಮ್ಮನಿಗೆ ಪಾರ್ಥೇನಿಯಂ ಅಲರ್ಜಿ ಇದೆಯೇ? ನಾವು ಕಾಂಗ್ರೆಸ್ ಗಿಡ ಎನ್ನುವ ಆ ಬಿಳಿ ಹೂವಿನ ಕಳೆ 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡದ್ದು, ಇಂದು ನಮ್ಮ ಹೊಲದ ಬದು, ಖಾಲಿ ನಿವೇಶನ ಎಲ್ಲವನ್ನೂ ಆಕ್ರಮಿಸಿದೆ. ಅದು ಸೋಕಿ ಕತ್ತು, ಕಣ್ಣರೆಪ್ಪೆ, ಮೊಣಕೈ ಮಡಿಕೆ ತುರಿಸಿ ಸೊರಗಿದ ರೈತರನ್ನು ನೋಡದೆ ನನ್ನ ಯಾವ ವಾರವೂ ಕಳೆಯುವುದಿಲ್ಲ. ಪಾರ್ಥೇನಿಯಂ, ಸೇವಂತಿಗೆ, ಮಾಚಿಪತ್ರೆ ಎಲ್ಲವೂ ಸೂರ್ಯಕಾಂತಿಯ ಕುಟುಂಬದವು, ಅಲರ್ಜಿ ತರುವ ರಾಸಾಯನಿಕಗಳೂ ಒಂದೇ ಬಗೆಯವು. ಒಂದು ಒಗ್ಗದವರಿಗೆ ಇನ್ನೊಂದೂ ಒಗ್ಗದಿರಬಹುದು. ಹುಬ್ಬಳ್ಳಿಯಲ್ಲಿ ಬೆಳೆದವನಿಗೆ ಈ ಪ್ರಶ್ನೆ ಗುವಾಂಗ್‌ಝೌನಲ್ಲಿ ಹುಟ್ಟಿದವನಿಗಿಂತ ಹೆಚ್ಚು ಅನ್ವಯಿಸುತ್ತದೆ. ಆಸ್ತಮಾ ಇದ್ದರೆ ಮುಚ್ಚಿದ ಕೋಣೆಯ ಹೊಗೆ ಬೇಡ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಮಂದವಾಗಿದ್ದರೂ ಬೇಡ, ಸುಡುವುದು ತಿಳಿಯುವುದೇ ಇಲ್ಲ. ನಮ್ಮಂಥ ಗೋಧಿ, ಕಪ್ಪು ಮೈಬಣ್ಣದವರಲ್ಲಿ ಕಾವು ಪಡೆದ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯಬಹುದು ಎಂಬುದನ್ನೂ ತಿಳಿದೇ ಹೋಗಲಿ. ವರ್ಷಗಟ್ಟಲೆ ಒಂದೇ ಜಾಗಕ್ಕೆ ಕಾವು ಕೊಡುವುದಂತೂ ಸಲ್ಲದು. ಕಾಶ್ಮೀರದಲ್ಲಿ ಫೆರನ್ ಎಂಬ ನಿಲುವಂಗಿಯ ಒಳಗೆ ಕಾಂಗಡಿ ಎಂಬ ಕೆಂಡದ ಬುಟ್ಟಿ ಇಟ್ಟುಕೊಳ್ಳುವವರ ಹೊಟ್ಟೆ ತೊಡೆಗಳ ಚರ್ಮಕ್ಕೆ ಕ್ಯಾನ್ಸರ್ ಬರುವುದನ್ನು ವೈದ್ಯ ಎಲ್ಮ್‌ಸ್ಲಿ 1866ರಲ್ಲಿಯೇ ಬರೆದಿದ್ದಾರೆ.

ಮಾತ್ರೆಯ ವಿಷಯ. ಮೆಥೊಟ್ರೆಕ್ಸೇಟ್ ನಿಧಾನ, ಪೂರ್ತಿ ಫಲ ಕಾಣಲು ಮೂರು ತಿಂಗಳು ಹಿಡಿಯುತ್ತದೆ. ಬಿಟ್ಟರೂ ನಿಧಾನವಾಗಿಯೇ ಕಾಯಿಲೆ ಮರಳುತ್ತದೆ. ಮೋಸ ಇರುವುದು ಇಲ್ಲಿಯೇ: ಮಾತ್ರೆ ಬಿಟ್ಟು ಕಾವು ಶುರುಮಾಡಿದವರಿಗೆ ಮೊದಲ ಕೆಲವು ವಾರ ಮಾತ್ರೆಯ ಫಲವೇ ಕಾವಿನ ಫಲದಂತೆ ಕಾಣುತ್ತದೆ. ಸೋರಿಯಾಸಿಸ್ ಬರೀ ಚರ್ಮದ್ದೂ ಅಲ್ಲ. ಹಲವರಿಗೆ ಕೀಲುಗಳನ್ನು ಹಿಡಿಯುತ್ತದೆ, ಹೃದಯದ ಕಾಯಿಲೆಯ ಅಪಾಯವನ್ನೂ ಹೆಚ್ಚಿಸುತ್ತದೆ. ಬೆಳಗ್ಗೆ ಎದ್ದಾಗ ಬೆರಳು ಬಿಗಿಯುವುದು, ಹಿಮ್ಮಡಿ ನೋವು, ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳು ಇವೆಯೇ ಎಂದು ವಿಚಾರಿಸಿ. ಇದ್ದರೆ ಕಾವಿನ ಯೋಚನೆ ಬದಿಗಿರಲಿ, ಸಂಧಿವಾತ ತಜ್ಞರನ್ನು ಮೊದಲು ನೋಡಲಿ. ಮಾತ್ರೆಯನ್ನು ವಾರಕ್ಕೊಮ್ಮೆಯೇ ನುಂಗಬೇಕು, ದಿನವೂ ಅಲ್ಲ. ರಕ್ತ ಪರೀಕ್ಷೆ ತಪ್ಪಿಸಬಾರದು. ಅಲ್ಲಿನ ಕಚೇರಿ ಔತಣಗಳಲ್ಲಿ ಬೈಜಿಯೂ ಎಂಬ ಕಡುಮದ್ಯವನ್ನು ಒತ್ತಾಯಿಸಿ ಕುಡಿಸುವ ವಾಡಿಕೆ ಇದೆ, ಮೆಥೊಟ್ರೆಕ್ಸೇಟ್ ಜತೆ ಅದು ಯಕೃತ್ತಿಗೆ ಬರೆ. ಕಾವಿನ ಜತೆ ಕಷಾಯವನ್ನೋ ಹೆಸರಿಲ್ಲದ ಕಪ್ಪು ಗುಳಿಗೆಯನ್ನೋ ಕೊಟ್ಟರೆ ಮೆಥೊಟ್ರೆಕ್ಸೇಟ್ ಬರೆದುಕೊಟ್ಟ ವೈದ್ಯರಿಗೆ ತೋರಿಸದೆ ಮುಟ್ಟಬಾರದು. ಕಲೆಗಳು ಒಂದು ವಾರದಲ್ಲಿ ಮಾಯವಾದರೆ ಸಂತೋಷಕ್ಕಿಂತ ಅನುಮಾನ ಪಡಬೇಕು. ಅಂಥ ಗುಳಿಗೆಯಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ನಿಲ್ಲಿಸಿದೊಡನೆ ಕಾಯಿಲೆ ಕೀವುಗುಳ್ಳೆಯ ರೂಪದಲ್ಲಿ ಸೇಡು ತೀರಿಸಿಕೊಳ್ಳುತ್ತದೆ. ಇದು ಚೀನಾದ ದೂರೇನಲ್ಲ, ನಮ್ಮ ಬಸ್ ನಿಲ್ದಾಣಗಳ ಪಕ್ಕದಲ್ಲೂ ಸಿಗುತ್ತದೆ.

ಇನ್ನು ಅವ್ವನ ಇಸುಬು. ಅದು ಬೇರೆಯೇ ಕಾಯಿಲೆ, ಅದಕ್ಕೆ ಕಾವು ಬೇಡ. ಇಸುಬಿನ ಚರ್ಮದಲ್ಲಿ ಕಾವಲು ಗೋಡೆಯೇ ಬಿರುಕು ಬಿಟ್ಟಿರುತ್ತದೆ, ಬಿಸಿ ತಾಗಿದರೆ ನೀರು ಇನ್ನಷ್ಟು ಆರಿ ತುರಿಕೆ ಹೆಚ್ಚುತ್ತದೆ. ತುರಿಸಿದ ಜಾಗಕ್ಕೆ ಕುದಿಯುವಂಥ ಬಿಸಿನೀರು ಸುರಿದುಕೊಂಡರೆ ಹಾಯೆನಿಸುವುದು ನಿಜ, ನಮ್ಮ ಅಜ್ಜಿಯಂದಿರೆಲ್ಲ ಮಾಡಿದ್ದೇ. ಅರ್ಧ ಗಂಟೆಯ ಮೇಲೆ ಅದೇ ತುರಿಕೆ ಬಡ್ಡಿ ಸಮೇತ ಬರುತ್ತದೆ. ಅವ್ವ ಉಗುರುಬೆಚ್ಚನೆಯ ನೀರಿನಲ್ಲಿ ಐದು ಹತ್ತು ನಿಮಿಷದಲ್ಲಿ ಸ್ನಾನ ಮುಗಿಸಲಿ, ಕಾಲಿಗೆ ಸೋಪು ಉಜ್ಜುವುದು ಬೇಡ, ಮೈ ಪೂರ್ತಿ ಒಣಗುವ ಮೊದಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲಿನ್ನನ್ನೋ ಹಚ್ಚಿಕೊಳ್ಳಲಿ. ಇಸುಬು ಒಂದೇ ಕಾಲಿನಲ್ಲಿ, ಪಾದದ ಗಂಟಿನ ಮೇಲೆ ಇದ್ದು, ಸಂಜೆಯ ಹೊತ್ತಿಗೆ ಕಾಲು ಊದುತ್ತಿದ್ದರೆ ಅದು ಉಬ್ಬಿದ ರಕ್ತನಾಳಗಳಿಂದ ಬಂದದ್ದೂ ಇರಬಹುದು. ಆಗ ಮುಲಾಮಿಗಿಂತ ಕಾಲನ್ನು ಎತ್ತರದಲ್ಲಿ ಇಟ್ಟು ಕೂರುವುದು, ಬಿಗಿ ಕಾಲುಚೀಲ ಹಾಕುವುದು ಹೆಚ್ಚು ಕೆಲಸ ಮಾಡುತ್ತದೆ. ಬಿಗಿ ಚೀಲ ಹಾಕುವ ಮೊದಲು ಒಮ್ಮೆ ಹತ್ತಿರದ ವೈದ್ಯರಿಗೆ ಕಾಲಿನ ನಾಡಿ ತೋರಿಸಿ, ಅದಕ್ಕೆ ಎರಡು ನಿಮಿಷ ಸಾಕು.